ನಾಲ್ಕು ನಿಮಿಷದ ಕರೆ

ಪ್ರಯೋಗಾಲಯದ ಊಟದ ಬಿಡುವಿನಲ್ಲಿ ದಿನವೂ ಅಮ್ಮನಿಗೆ ವಿಡಿಯೊ ಕರೆ ಮಾಡುತ್ತೇನೆ. ಹನ್ನೆರಡು ಕರೆಗಳ ಅವಧಿಯನ್ನು ಬರೆದಿಟ್ಟಿದ್ದೆ. ಒಂದೂ ಐದು ನಿಮಿಷ ದಾಟಿರಲಿಲ್ಲ. ನನ್ನ ಮಾತಿನ ನಡುವೆಯೇ ಕರೆ ತುಂಡಾಗುತ್ತಿತ್ತು. ಮನೆಗೆ ತಂದ ಹೊಸ ಬೆಕ್ಕಿಗಾಗಿ ಅಮ್ಮ ನನ್ನನ್ನು ಬದಿಗಿಡುತ್ತಿದ್ದಾಳೆಂದು ತೀರ್ಮಾನಿಸಿದೆ. ಅದನ್ನವಳು ‘ಪುಟ್ಟಿ’ ಎಂದು ಕರೆಯುತ್ತಿದ್ದಳು. ಇಪ್ಪತ್ತಮೂರು ವರ್ಷ ಅದು ನನ್ನೊಬ್ಬಳ ಹೆಸರಾಗಿತ್ತು.

ಹದಿಮೂರನೆಯ ದಿನ ತಡೆಯಲಾರದೆ ಕೇಳಿದೆ: “ಅಮ್ಮಾ, ಮಗಳಿಗಿಂತ ಬೆಕ್ಕೇ ಹೆಚ್ಚಾಯ್ತಾ? ದಿನಾ ಯಾಕೆ ಫೋನ್ ಕಟ್ ಮಾಡ್ತೀಯ?”

“ನಾನೆಲ್ಲಿ ಮಾಡ್ತೀನೇ? ನಿನ್ನ ದನಿ ಕೇಳಿದ್ರೆ ಸಾಕು, ಈ ಹೊಟ್ಟೆಕಿಚ್ಚಿನ ಮೂಟೆ ಓಡಿಬಂದು ಫೋನ್ ಮೇಲೇ ಕೂತ್ಕೊಳ್ಳುತ್ತೆ! ಥೇಟ್ ನಿನ್ನ ಹಾಗೇ ಕಣೇ...”

ತೆರೆಯ ತುಂಬ ಬೂದುಬಣ್ಣದ ಪಂಜವೊಂದು ಮೂಡಿ, ಕರೆ ತುಂಡಾಯಿತು. ಅವಧಿಯ ಪಕ್ಕದಲ್ಲಿ ಕಾರಣವನ್ನೂ ಖುಷಿಯಿಂದ ಬರೆದೆ: ‘ಹೊಸ ಪುಟ್ಟಿಗೂ ಹೊಟ್ಟೆಕಿಚ್ಚು.’