ಒಂದು ಜಿಬಿಗಿಂತ ಹೆಚ್ಚು ತಿನ್ನದ ಲ್ಯಾಪ್‌ಟಾಪ್

ಶಿರ್ವದಲ್ಲಿ ಯಾರ ಮನೆಯ ಫ್ರಿಜ್ ಕೆಟ್ಟರೂ ಜನ ಮೊದಲು ಮೆಕ್ಯಾನಿಕ್ಕನ್ನು ಕರೆಯುತ್ತಿರಲಿಲ್ಲ, ಲಿಯೋನೆಲ್‌ನನ್ನು ಕೇಳುತ್ತಿದ್ದರು. ಕೇಳದಿದ್ದರೆ ಅವನೇ ಮನೆಗೆ ಬಂದು ಹೇಳುತ್ತಿದ್ದ, ಬಂದವನು ಚಹಾ ಕುಡಿಯದೆ ಏಳುತ್ತಿರಲಿಲ್ಲ. ಅದಕ್ಕಿಂತ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲೇ ಕೇಳಿ ಮುಗಿಸುವುದು ವಾಸಿ ಎಂದು ಎಲ್ಲರೂ ಅಂದುಕೊಂಡಿದ್ದರು. ಇದನ್ನೇ ಅವನು ಗೌರವ ಎಂದು ತಿಳಿದಿದ್ದ.

ಕುವೈತಿನ ಒಂದು ಕಂಪೆನಿಯ ಗೋದಾಮಿನಲ್ಲಿ ಕಂಪ್ಯೂಟರ್ ಪೆಟ್ಟಿಗೆಗಳನ್ನು ಒಳಗಿಡುವುದು, ಕೇಳಿದವರಿಗೆ ತೆಗೆದುಕೊಡುವುದು ಅವನ ಕೆಲಸವಾಗಿತ್ತು. ಮರಳಿ ಬರುವಾಗ ವಿಮಾನದಲ್ಲೇ ಎಲ್ಲೋ ಬಡ್ತಿ ಸಿಕ್ಕಿರಬೇಕು; ಬಜ್ಪೆಯಲ್ಲಿ ಇಳಿಯುವಷ್ಟರಲ್ಲಿ ಅವನು ಕಂಪ್ಯೂಟರ್ ಇಂಜಿನಿಯರ್ ಆಗಿದ್ದ. ಗೋದಾಮಿನಲ್ಲಿ ಬೇರೆ ಕೆಲಸವಿಲ್ಲದಾಗ ಪೆಟ್ಟಿಗೆಗಳೊಳಗಿನ ಕೈಪಿಡಿಗಳನ್ನು ಓದುತ್ತಿದ್ದನಂತೆ. ಅದರಿಂದ ಅವನಿಗೆ ಒಂದು ರೋಗ ಅಂಟಿಕೊಂಡಿತ್ತು. ಕೈಪಿಡಿಯಲ್ಲಿ ಅಚ್ಚಾದದ್ದು ಸತ್ಯ, ಅಚ್ಚಾಗದ್ದು ಸುಳ್ಳು. "ಪುಸ್ತಕದಲ್ಲಿ ಉಂಟು" ಎಂದುಬಿಟ್ಟರೆ ಪಾದ್ರಿಗಳೂ ಸುಮ್ಮನಾಗಬೇಕು.

ಅವನಿಗೆ ಇನ್ನೊಂದು ಅಧಿಕಾರವೂ ಇತ್ತು, ಮೈಕ್. ಇಗರ್ಜಿಯ ಸಭಾಂಗಣದಲ್ಲಿ ಯಾರದ್ದೇ ಮದುವೆಯಾಗಲಿ, ಸೂಟು ತೊಟ್ಟು ವೇದಿಕೆಯ ಮೇಲೆ ಮೈಕ್ ಹಿಡಿಯುವವನು ಲಿಯೋನೆಲ್. ವಧೂವರರನ್ನು ಬರಮಾಡಿಕೊಳ್ಳುವವನು ಅವನು, ಕೇಕ್ ಕತ್ತರಿಸಿ ಎನ್ನುವವನು ಅವನು, ವೈನಿನ ಗ್ಲಾಸು ಎತ್ತಿಸಿ ಟೋಸ್ಟ್ ಹೇಳುವವನೂ ಅವನೇ. ಅವನ ಟೋಸ್ಟ್ ಮುಗಿಯುವಷ್ಟರಲ್ಲಿ ಕೇಕಿನ ಮೇಲಿನ ಕ್ರೀಮು ಕರಗಿ ಕೆಳಗಿಳಿಯುತ್ತಿತ್ತು, ಮಕ್ಕಳು ಮೇಜಿನ ಕೆಳಗೆ ನಿದ್ದೆ ಹೋಗುತ್ತಿದ್ದವು. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಆ ಮೈಕ್ ಕೈಯಲ್ಲಿಲ್ಲದಿದ್ದರೆ ತಾನು ಯಾರೆಂದು ಅವನಿಗೇ ಗೊತ್ತಾಗುತ್ತಿತ್ತೋ ಇಲ್ಲವೋ.

ಇಮೆಲ್ಡಾ ಅವನ ತಮ್ಮ ಮೌರಿಸ್‌ನ ಹೆಂಡತಿ. ಮೌರಿಸ್‌ಗೆ ಹಡಗಿನಲ್ಲಿ ಕೆಲಸ, ಅವಳು ಭಾವನ ಮನೆಗೆ ತಾಗಿದ ಮನೆಯಲ್ಲೇ ಇದ್ದು ಕಾಪುವಿನ ಸ್ಟುಡಿಯೊ ಒಂದಕ್ಕೆ ಮದುವೆಯ ವೀಡಿಯೊಗಳನ್ನು ಕತ್ತರಿಸಿ ಜೋಡಿಸಿಕೊಡುತ್ತಿದ್ದಳು. ಅವಳ ಲ್ಯಾಪ್‌ಟಾಪ್ ಲಿಯೋನೆಲ್ ಕೊಟ್ಟದ್ದು. ಕಂಪೆನಿ ಹಳತಾಯಿತೆಂದು ಎಸೆದದ್ದನ್ನು ಇವನು ಎತ್ತಿಕೊಂಡು ಬಂದು, "ದೊಡ್ಡ ದೊಡ್ಡ ಇಂಜಿನಿಯರುಗಳು ಉಪಯೋಗಿಸಿದ್ದು ಇದು, ಜಾಗ್ರತೆ" ಎಂದು ದಾನ ಮಾಡಿದ್ದ. ಅವಳು ಅದರ ಮುಚ್ಚಳ ಎತ್ತಿದಾಗಲೆಲ್ಲ ಆ ದಾನವನ್ನು ನೆನಪಿಸುತ್ತಿದ್ದ.

ಎರಡು ಸಾವಿರದ ಎಂಟರಲ್ಲಿ, ಈಸ್ಟರ್ ಕಳೆದ ಮೇಲಿನ ಮದುವೆಗಳ ಕಾಲ. ಲೂಯಿಸ್ ಎಂಬ ಗದ್ದೆ-ತೋಟದ ಯಜಮಾನನ ಮಗಳು ಮೇಬಲ್‌ಗೆ ಮದುವೆ ಗೊತ್ತಾಯಿತು. ಆರತಕ್ಷತೆಯಲ್ಲಿ ಪರದೆ ಇಳಿಸಿ ಕುಟುಂಬದ ಹಳೆಯ ಚಿತ್ರಗಳನ್ನೆಲ್ಲ ತೋರಿಸುವುದು ಆಗ ಹೊಸ ಹುಚ್ಚು. ಲೂಯಿಸ್ ಇಮೆಲ್ಡಾಳ ಕೈಗೆ ಬೂಷ್ಟು ಹಿಡಿದ ಒಂದು ವೀಡಿಯೊ ಕ್ಯಾಸೆಟ್ ಕೊಟ್ಟ. ಅದರಲ್ಲಿ ಅವನ ತೀರಿಹೋದ ಅಪ್ಪ ಯಾರದೋ ಮದುವೆಯಲ್ಲಿ ಕುಣಿಯುವುದು ಇತ್ತು. ಲೂಯಿಸ್‌ನ ತಾಯಿ ಮ್ಯಾಗ್ಡಲಿನ್ ಬಾಯಿ ಅದನ್ನು ಒಮ್ಮೆಯಾದರೂ ನೋಡಬೇಕೆಂದು ವರ್ಷಗಳಿಂದ ಹೇಳುತ್ತಿದ್ದಳಂತೆ. ಮನೆಯ ವಿಸಿಆರ್ ಎಂದೋ ಗುಜರಿಗೆ ಹೋಗಿತ್ತು.

ಇಮೆಲ್ಡಾ ಕ್ಯಾಸೆಟ್ಟನ್ನು ಒರೆಸಿ ತೀಡಿ, ಸ್ಟುಡಿಯೊದಲ್ಲಿ ಉಳಿದಿದ್ದ ವಿಸಿಆರಿಗೆ ಹಾಕಿ, ಚಿತ್ರವನ್ನು ಲ್ಯಾಪ್‌ಟಾಪಿಗೇನೋ ಇಳಿಸಿದಳು. ಆದರೆ ಕೆಲಸಕ್ಕೆ ಕೂತರೆ ಆ ಯಂತ್ರ ಉಸಿರುಗಟ್ಟಿ ಒದ್ದಾಡುತ್ತಿತ್ತು. ಚಿತ್ರದಲ್ಲಿ ಲೂಯಿಸ್‌ನ ಅಪ್ಪ ಒಂದು ಕಾಲು ಎತ್ತುತ್ತಿದ್ದರು, ಅಷ್ಟರಲ್ಲಿ ಎಲ್ಲವೂ ಸ್ತಬ್ಧ. ಮೆಮೊರಿ ಸಾಲದು ಎಂದು ಅವಳಿಗೆ ಗೊತ್ತಾಯಿತು. ಒಳಗೆ ಅರ್ಧರ್ಧ ಜಿಬಿಯ ಎರಡು ಮೆಮೊರಿ ಪಟ್ಟಿಗಳಿದ್ದವು, ಒಟ್ಟು ಒಂದು ಜಿಬಿ. ಅವನ್ನು ತೆಗೆದು ಒಂದೊಂದು ಜಿಬಿಯ ಎರಡನ್ನು ಹಾಕಿದರೆ ಹೇಗೆ ಎಂದು ಭಾನುವಾರ ಇಗರ್ಜಿಯ ಅಂಗಳದಲ್ಲಿ ಭಾವನನ್ನು ಕೇಳಿದಳು. ಕೇಳಿದ್ದೇ ತಪ್ಪು.

"ಆಗುವುದಿಲ್ಲ," ಎಂದ ಲಿಯೋನೆಲ್. ಸುತ್ತ ಜನ ಇದ್ದರು, ಆದ್ದರಿಂದ ಗಂಟಲು ದೊಡ್ಡದಾಯಿತು. "ಆ ಯಂತ್ರಕ್ಕೆ ಒಂದು ಜಿಬಿಯೇ ಕೊನೆ. ಪುಸ್ತಕದಲ್ಲಿ ಉಂಟು. ಹೆಚ್ಚು ಹಾಕಿದರೆ ಒಳಗೆ ಸುಟ್ಟುಹೋಗ್ತದೆ."

"ಮಣಿಪಾಲದ ಅಂಗಡಿಯವರು ಆಗಬಹುದು ಅಂತಾರೆ, ಭಾವ. ಆ ಪುಸ್ತಕ ಬರೆಯುವಾಗ ಅಷ್ಟು ದೊಡ್ಡ ಪಟ್ಟಿ ಮಾರಾಟಕ್ಕೇ ಬಂದಿರಲಿಲ್ಲವಂತೆ. ಅದಕ್ಕೇ ಬರೆದಿಲ್ಲವಂತೆ. ಹಾಕಿ ನೋಡಿ, ಆಗದಿದ್ದರೆ ವಾಪಸ್ ತನ್ನಿ ಅಂದಿದ್ದಾರೆ."

"ಅಂಗಡಿಯವನಿಗೆ ಎಂತ ಗೊತ್ತು ಮಾರಾಯ್ತಿ? ತಯಾರು ಮಾಡಿದವರಿಗಿಂತ ಹೆಚ್ಚು ಗೊತ್ತುಂಟಾ ಅವನಿಗೆ?"

"ನೋಡಿದರೆ ಆಯಿತಲ್ವಾ?" ಎಂದಳು ಇಮೆಲ್ಡಾ. ಅವಳ ಸ್ವಭಾವವೇ ಹಾಗೆ, ಹೌದೆಂದು ತಲೆಯಾಡಿಸಿ ಮನೆಗೆ ಹೋಗಲು ಬಾರದು. ಪಕ್ಕದಲ್ಲಿದ್ದ ಯಾರೋ ಕಿಸಕ್ಕೆಂದರು. ಆ ನಗು ಲಿಯೋನೆಲ್‌ನ ನೆತ್ತಿಗೇರಿತು.

"ಕೇಳಿ ಎಲ್ಲರೂ," ಎಂದ. "ಆ ಲ್ಯಾಪ್‌ಟಾಪ್ ಒಂದು ಜಿಬಿಗಿಂತ ಹೆಚ್ಚು ತಿಂದರೆ, ಮೇಬಲ್‌ಳ ಮದುವೆಯಲ್ಲಿ ನಾನು ಮೈಕನ್ನು ಇವಳ ಕೈಗೆ ಕೊಟ್ಟು ಕೆಳಗೆ ಕೂರುತ್ತೇನೆ. ಅಲ್ಲಿಂದ ಮುಂದೆ ಮೈಕ್ ಮುಟ್ಟುವುದಿಲ್ಲ."

ಹೀಗೆ ಹೇಳು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಬಾಯಿಯೇ ಅವನಿಗೆ ಶತ್ರು, ಆದರೆ ಅಷ್ಟು ಹಳೆಯ ಶತ್ರುವನ್ನೂ ಅವನು ಗುರುತಿಸುತ್ತಿರಲಿಲ್ಲ.

ಇಮೆಲ್ಡಾ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗಿ ಪಟ್ಟಿಗಳನ್ನು ತಂದಳು, ಹಾಕಿದಳು. ಆಮೇಲೆ ಎಂತದೂ ಮಾತಾಡಲಿಲ್ಲ. ಆ ಮೌನ ಲಿಯೋನೆಲ್‌ಗೆ ಸಮಾಧಾನ ಕೊಟ್ಟಿತು. ಸುಟ್ಟುಹೋಗಿರಬೇಕು, ಹೇಳಲು ನಾಚಿಕೆ, ಎಂದುಕೊಂಡ. ದೊಡ್ಡ ಮನಸ್ಸು ಮಾಡಿ ಸಾಂತ್ವನ ಹೇಳಿಬರೋಣವೆಂದು ಒಂದು ಸಂಜೆ ಅವಳ ಮನೆಗೆ ಹೋದ. ಅವಳು ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು, ಅದರಲ್ಲಿ ಲೂಯಿಸ್‌ನ ಅಪ್ಪ ಎರಡೂ ಕಾಲಿನಲ್ಲಿ ಧಾರಾಳವಾಗಿ ಕುಣಿಯುತ್ತಿದ್ದರು. ಲಿಯೋನೆಲ್ ಬಗ್ಗಿ ಮೆಮೊರಿ ಎಷ್ಟಿದೆಯೆಂದು ತೋರಿಸುವ ಕಿಟಕಿಯನ್ನು ತೆರೆದ. ಎರಡು ಜಿಬಿ ಎಂದಿತ್ತು. ಮುಚ್ಚಿ ಮತ್ತೆ ತೆರೆದ. ಮತ್ತೂ ಎರಡೇ.

ಒಬ್ಬ ಸಾಧಾರಣ ಮನುಷ್ಯನಾಗಿದ್ದರೆ ಅಲ್ಲೇ ನಕ್ಕು, "ಸೋತೆ ಮಾರಾಯ್ತಿ, ಒಂದು ಕಾಫಿ ಕೊಡು" ಎನ್ನುತ್ತಿದ್ದ. ಇಮೆಲ್ಡಾ ಕಾಫಿ ಕೊಡುತ್ತಿದ್ದಳು, ಮೈಕಿನ ಮಾತೂ ಎತ್ತುತ್ತಿರಲಿಲ್ಲ. ಲಿಯೋನೆಲ್ ಹೇಳದೆ ಕೇಳದೆ ಮನೆಗೆ ಬಂದು, ಕೈಪಿಡಿಯ ಅದೇ ಪುಟವನ್ನು ತೆಗೆದು ನೋಡಿದ. ಅಲ್ಲಿ ಒಂದು ಜಿಬಿಯೆಂದೇ ಇತ್ತು. ಪುಸ್ತಕ ತಪ್ಪಿಲ್ಲವೆಂದ ಮೇಲೆ ತಪ್ಪಿದ್ದು ಯಂತ್ರ. ತಪ್ಪಿದ ಯಂತ್ರವನ್ನು ದಾರಿಗೆ ತರುವುದರಲ್ಲಿ ಪಾಪವೇನಿದೆ? ಹೀಗೆ ಯೋಚಿಸಿ ಅವನು ನೆಮ್ಮದಿಯಾಗಿ ಊಟ ಮಾಡಿದ.

ಮದುವೆಯ ದಿನ ಎಲ್ಲರೂ ಇಗರ್ಜಿಯಲ್ಲಿ ಪೂಜೆಗೆ ಕುಳಿತಿರುವಾಗ ಲಿಯೋನೆಲ್ ಮೈಕ್ ಪರೀಕ್ಷಿಸುವ ನೆಪದಲ್ಲಿ ಸಭಾಂಗಣಕ್ಕೆ ಬಂದ. ಪ್ರೊಜೆಕ್ಟರಿಗೆ ತಂತಿ ಜೋಡಿಸಿ, ಎಲ್ಲ ಸರಿಯಿದೆಯೆಂದು ನೋಡಿ, ಇಮೆಲ್ಡಾ ಲ್ಯಾಪ್‌ಟಾಪ್ ಆರಿಸಿಟ್ಟು ಹೋಗಿದ್ದಳು. ಅವನು ಕೋಟಿನ ಕಿಸೆಯಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದ. ಲ್ಯಾಪ್‌ಟಾಪನ್ನು ಮಗುಚಿ, ಅಡಿಯ ಮುಚ್ಚಳ ಬಿಚ್ಚಿ, ಎರಡೂ ಪಟ್ಟಿಗಳನ್ನು ಹಿಡಿದ ಕೊಂಡಿಗಳನ್ನು ಸಡಿಲಿಸಿ, ಮತ್ತೆ ಮುಚ್ಚಳ ಬಿಗಿದ. ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲೇ ಬಿಚ್ಚಿದ, ಅದೇ ಕ್ರಮದಲ್ಲೇ ಮುಚ್ಚಿದ. ಕಳ್ಳತನದಲ್ಲೂ ಅಚ್ಚುಕಟ್ಟು. ಆಮೇಲೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಪೂಜೆಯ ಉಳಿದ ಭಾಗವನ್ನು ಭಕ್ತಿಯಿಂದ ಕೇಳಿದ.

ಆರತಕ್ಷತೆ ಶುರುವಾಯಿತು. ಲಿಯೋನೆಲ್ ಅಂದು ಎಂದಿಗಿಂತ ಹೆಚ್ಚು ಉಬ್ಬಿದ್ದ. ವಧೂವರರು ಬಂದರು, ಕೇಕ್ ಕತ್ತರಿಸಿದರು. ಟೋಸ್ಟಿಗೆ ಮೊದಲು ವೀಡಿಯೊ ಎಂದು ಲೂಯಿಸ್ ಮೊದಲೇ ಹೇಳಿದ್ದ. ದೀಪಗಳು ಆರಿದವು. ಮ್ಯಾಗ್ಡಲಿನ್ ಬಾಯಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು, ಅವಳು ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಇಮೆಲ್ಡಾ ಗುಂಡಿ ಒತ್ತಿದಳು.

ಬೀಪ್ ಎಂದಿತು ಲ್ಯಾಪ್‌ಟಾಪ್. ಮತ್ತೆ ಬೀಪ್, ಬೀಪ್. ಪರದೆ ಕಪ್ಪಾಗಿಯೇ ಇತ್ತು.

ಅವಳು ಆರಿಸಿ ಮತ್ತೆ ಒತ್ತಿದಳು. ಅದೇ ಕೂಗು. ಯಾರೋ ದೀಪ ಹಾಕಿದರು, ಜನ ಗುಸುಗುಸು ಮಾಡತೊಡಗಿದರು. ಮೇಬಲ್ ವೇದಿಕೆಯಿಂದ ಕತ್ತು ಚಾಚಿ ನೋಡಿದಳು. ಇಮೆಲ್ಡಾಳ ಹಣೆಯಲ್ಲಿ ಬೆವರು ಕಾಣಿಸಿತು. ಇಷ್ಟಕ್ಕಾಗಿಯೇ ಕಾದಿದ್ದ ಲಿಯೋನೆಲ್ ಮೈಕನ್ನು ಬಾಯಿಗೆ ಹತ್ತಿರ ತಂದ.

"ಬಂಧುಗಳೇ, ಬೇಸರ ಮಾಡಬೇಡಿ," ಎಂದ. "ಪ್ರತಿಯೊಂದಕ್ಕೂ ಒಂದು ಮಿತಿ ಉಂಟು. ಮನುಷ್ಯನಿಗೂ ಉಂಟು, ಯಂತ್ರಕ್ಕೂ ಉಂಟು. ಮಿತಿ ಮೀರಿ ತುಂಬಿಸಿದರೆ ಹೀಗೇ ಆಗುವುದು. ನಾನು ಮೊದಲೇ ಎಚ್ಚರಿಸಿದ್ದೆ, ಇಲ್ಲಿರುವ ಎಷ್ಟೋ ಜನ ಕೇಳಿದ್ದೀರಿ."

ಇಮೆಲ್ಡಾ ತಲೆಯೆತ್ತಲಿಲ್ಲ. ಲೂಯಿಸ್ ಅವಳ ಹತ್ತಿರ ಹೋಗಿ, "ಎಂತದಾದರೂ ಮಾಡಲಿಕ್ಕೆ ಆಗ್ತದಾ ಇಮೆಲ್ಡಾ? ಅಮ್ಮ ಕಾಯ್ತಾ ಇದ್ದಾರೆ," ಎಂದ. ಮ್ಯಾಗ್ಡಲಿನ್ ಬಾಯಿ ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ಇನ್ನೇನು ಬರಬಹುದೆಂದು ಅವಳು ಇನ್ನೂ ನಂಬಿದ್ದಳು, ಪಾಪ.

"ಅಡಿಯ ಮುಚ್ಚಳ ತೆಗೆದು ನೋಡಬೇಕು, ಲೂಯಿಸಣ್ಣ," ಎಂದಳು ಇಮೆಲ್ಡಾ. "ಸಣ್ಣ ಸ್ಕ್ರೂಡ್ರೈವರ್ ಬೇಕಿತ್ತು. ಯಾರ ಹತ್ತಿರವಾದರೂ ಉಂಟಾ?"

ಮದುವೆಗೆ ಬಂದವರ ಹತ್ತಿರ ಸ್ಕ್ರೂಡ್ರೈವರ್ ಎಲ್ಲಿಂದ ಬರಬೇಕು? ಜನ ಕಿಸೆ ತಡಕಿದರು. ಒಬ್ಬರು ಉಗುರು ಕತ್ತರಿಸುವುದನ್ನು ಕೊಟ್ಟರು, ಇನ್ನೊಬ್ಬರು ಪಿನ್ನು. ಕೊನೆಗೆ ಯಾರೋ ಅಡುಗೆಮನೆಗೆ ಓಡಿ ಬೆಣ್ಣೆ ಸವರುವ ಚಾಕು ತಂದರು. ಲೂಯಿಸ್ ಅದನ್ನು ತಾನೇ ತೆಗೆದುಕೊಂಡು, ಚಾಕುವಿನ ತುದಿಯನ್ನು ಸ್ಕ್ರೂವಿನ ತಲೆಗೆ ಒತ್ತಿ, ಹಲ್ಲು ಕಚ್ಚಿ ತಿರುಗಿಸತೊಡಗಿದ. ಚಾಕು ಜಾರಿತು. ಮತ್ತೆ ಒತ್ತಿದ, ಕಿರ್ರೆಂದಿತು.

ಲಿಯೋನೆಲ್ ಸುಮ್ಮನೆ ನಿಂತಿದ್ದರೆ ಗೆದ್ದಿದ್ದ. ಇನ್ನೊಂದು ಸಲ ತಿರುಗಿಸಿದ್ದರೆ ಸ್ಕ್ರೂವಿನ ತಲೆ ಸವೆದು ಮುಚ್ಚಳ ಜನ್ಮಕ್ಕೂ ತೆರೆಯುತ್ತಿರಲಿಲ್ಲ. ಮೈಕ್ ಅವನದೇ, ಅಂಗಳ ಅವನದೇ, ಪುಸ್ತಕವೂ ಗೆಲ್ಲುತ್ತಿತ್ತು. ಆದರೆ ಅವನು ವೇದಿಕೆಯ ಅಂಚಿಗೆ ಬಂದ. ಮುದುಕಿಯ ಮೇಲೆ ಕರುಣೆ ಬಂತೆಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ನಕ್ಷತ್ರದ ಆಕಾರದ ಸ್ಕ್ರೂವಿಗೆ ಬೆಣ್ಣೆ ಚಾಕು ಹಾಕುವುದನ್ನು ಆ ಕೈಪಿಡಿಯ ಭಕ್ತನಿಂದ ನೋಡಲಾಗಲಿಲ್ಲ, ಅಷ್ಟೇ.

"ಹಾಗೆ ಅಲ್ಲ ಮಾರಾಯ! ಹಾಳು ಮಾಡ್ತೀಯಾ?" ಎಂದು ಮೈಕಿನಲ್ಲೇ ಕೂಗಿ, ಮೈಕ್ ಹಿಡಿದೇ ದಡದಡ ಇಳಿದು ಬಂದು, ಕೋಟಿನ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಚಾಚಿದ.

ಇಡೀ ಸಭಾಂಗಣ ಅದನ್ನು ನೋಡಿತು. ಹೊಸ ಸೂಟು, ಎದೆಯಲ್ಲಿ ಗುಲಾಬಿ, ಕೈಯಲ್ಲಿ ಆ ಸ್ಕ್ರೂವಿಗೆ ಹೇಳಿ ಮಾಡಿಸಿದಂಥ ಸ್ಕ್ರೂಡ್ರೈವರ್. ಚಾಚಿದ ಕೈಯನ್ನು ಹಿಂದಕ್ಕೆಳೆಯಬೇಕೆಂದು ಲಿಯೋನೆಲ್‌ಗೆ ಹೊಳೆಯುವಷ್ಟರಲ್ಲಿ ಇಮೆಲ್ಡಾ ಅದನ್ನು ತೆಗೆದುಕೊಂಡಾಗಿತ್ತು. ಅವಳು ಸ್ಕ್ರೂಡ್ರೈವರನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮುಚ್ಚಳ ತೆರೆಯಿತು. ಎರಡೂ ಪಟ್ಟಿಗಳು ಸಡಿಲವಾಗಿ ಮೇಲೆದ್ದು ನಿಂತಿದ್ದವು. ಅವಳು ಹೆಬ್ಬೆರಳಿನಿಂದ ಒತ್ತಿದಳು, ಟಕ್ ಎಂದು ಕೂತವು. ದೀಪಗಳು ಮತ್ತೆ ಆರಿದವು, ಅವಳು ಗುಂಡಿ ಒತ್ತಿದಳು. ಯಂತ್ರ ಎಚ್ಚರಗೊಳ್ಳುವಾಗ ತನ್ನ ಮೆಮೊರಿಯನ್ನು ಎಣಿಸಿ ತೋರಿಸುವುದುಂಟು. ಪ್ರೊಜೆಕ್ಟರ್ ಆ ಅಂಕಿಯನ್ನು ಗೋಡೆಯಷ್ಟು ದೊಡ್ಡದು ಮಾಡಿ ಪರದೆಗೆ ಎಸೆಯಿತು: 2048.

"ಎರಡು ಜಿಬಿ!" ಎಂದು ಹಿಂದಿನ ಸಾಲಿನಿಂದ ಒಂದು ಧ್ವನಿ ಬಂತು. ಯಾರೋ ನಕ್ಕರು. ನಗು ಸಾಲಿನಿಂದ ಸಾಲಿಗೆ ಹರಡುವಷ್ಟರಲ್ಲಿ ಪರದೆಯ ಮೇಲೆ ಲೂಯಿಸ್‌ನ ಅಪ್ಪ ಬಂದರು. ತೋಳು ಮಡಚಿದ ಬಿಳಿ ಅಂಗಿ, ಕೈಯಲ್ಲಿ ಗ್ಲಾಸು. ಯಾರನ್ನೋ ಕೆಣಕಿ, ಸೊಂಟ ತಿರುಗಿಸಿ ಕುಣಿದರು. ನಗು ನಿಂತಿತು. ಮ್ಯಾಗ್ಡಲಿನ್ ಬಾಯಿ, "ನೋಡು, ಇವರಿಗೆ ಸ್ವಲ್ಪವೂ ನಾಚಿಕೆ ಇಲ್ಲ," ಎಂದಳು. ಹೇಳುತ್ತ ಅಳುತ್ತಿದ್ದಳು.

ಇಮೆಲ್ಡಾ ಭಾವನ ಹತ್ತಿರ ಬಂದು ಸ್ಕ್ರೂಡ್ರೈವರನ್ನು ಅವನ ಕೈಯಲ್ಲಿಟ್ಟಳು.

"ಇದನ್ನು ಇಟ್ಟುಕೊಳ್ಳಿ, ಭಾವ," ಎಂದಳು ಮೆಲ್ಲಗೆ. "ಅದನ್ನು ಇತ್ತ ಕೊಡಿ."

ಲಿಯೋನೆಲ್ ಮೈಕನ್ನು ಕೊಟ್ಟ. ಕೊಟ್ಟ ಮೇಲೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಾಗಿಲ ಕಡೆಗೆ ಹೋಗೋಣವೆಂದರೆ ದಾರಿಯ ತುಂಬ ಜನ. ಕತ್ತಲಲ್ಲಿ ಕಂಡ ಒಂದೇ ಖಾಲಿ ಕುರ್ಚಿಯಲ್ಲಿ ಕುಸಿದು ಕೂತ. ಅದು ಮ್ಯಾಗ್ಡಲಿನ್ ಬಾಯಿಯ ಪಕ್ಕದ ಕುರ್ಚಿ.

ಮುದುಕಿ ಪರದೆಯಿಂದ ಕಣ್ಣು ತೆಗೆಯದೆ ಅವನ ಕೈಯನ್ನು ಹುಡುಕಿ, ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀನು ಅದನ್ನು ಕಿಸೆಯಲ್ಲಿ ಇಟ್ಟುಕೊಂಡು ಬಂದದ್ದು ಎಷ್ಟು ಒಳ್ಳೆಯದಾಯಿತು ಮಗಾ," ಎಂದಳು. "ಇಲ್ಲದಿದ್ದರೆ ನಾನು ಇವರನ್ನು ನೋಡುತ್ತಲೇ ಇರಲಿಲ್ಲ."

ವೀಡಿಯೊ ಮುಗಿಯುವವರೆಗೂ ಅವಳು ಆ ಕೈಯನ್ನು ಬಿಡಲಿಲ್ಲ.