ಹಗೇವಿನ ಬಾಯಿ

ಕಮತಗಿಯ ಶಿವಬಸವ್ವನ ಮನೆಯಲ್ಲಿ ಯಾರೂ ಕಾಲು ಚಾಚಿ ಕೂತದ್ದಿಲ್ಲ. ಚಾಚಲು ಜಾಗವಾದರೂ ಎಲ್ಲಿತ್ತು? ಪಡಸಾಲೆಯ ತುಂಬ ಉಪ್ಪಿನ ಗಡಿಗೆಗಳು, ಜಂತಿಗೆ ಜೋತುಬಿದ್ದ ಒಣಮೆಣಸಿನಕಾಯಿಯ ಚೀಲಗಳು, ಮಂಚದ ಕೆಳಗೆ ಬೆಲ್ಲ, ಜಗುಲಿಯ ಹಿಂದೆ ಸೀಮೆಎಣ್ಣೆಯ ಡಬ್ಬಿಗಳು. ಕಡ್ಡಿಪೆಟ್ಟಿಗೆಗಳನ್ನಂತೂ ಆಕೆ ಮದುವೆಯ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿ ಬೀಗ ಜಡಿದಿದ್ದಳು. ಗಂಡ ರಾಚಪ್ಪ, ಬಡಪಾಯಿ, ಬೀಡಿ ಹೊತ್ತಿಸಿಕೊಳ್ಳಲು ಪಕ್ಕದ ಮನೆಯ ಒಲೆಗೆ ಹೋಗುತ್ತಿದ್ದ.

ಓಣಿಯವರು ನಗುತ್ತಿದ್ದರು. ನಗುವವರಿಗೆ ನೆನಪು ಕಡಿಮೆ. ಎಂಟೇ ವರ್ಷದ ಹಿಂದೆ, ರೇಷನ್ ಕಾಲದಲ್ಲಿ, ಇದೇ ಓಣಿ ಚೀಲ ಹಿಡಿದು ಬೆಳಗಿನಿಂದ ಸಾಲು ನಿಂತು, ಮುಗ್ಗಿದ ಕಾಳು ತಂದು, ಅದನ್ನೇ ತೊಳೆದು ತೊಳೆದು ತಿಂದಿತ್ತು. ಶಿವಬಸವ್ವನ ನಾಲ್ಕು ವರ್ಷದ ಮಗ ಅಂದಪ್ಪನ ಹೊಟ್ಟೆ ಆ ಕಾಳನ್ನು ತಡೆಯಲಿಲ್ಲ. ಕೂಸನ್ನು ತೊಡೆಯ ಮೇಲಿಂದ ಇಳಿಸಲಾಗದೆ ಆಕೆ ಮನೆಯಲ್ಲಿ ಕೂತಿದ್ದಾಗ, ಇನ್ನೂ ಮದುವೆಯಾಗದ ತಂಗಿ ತಾಯವ್ವ ಬಿಸಿಲಲ್ಲಿ ನಿಂತು ಅಕ್ಕನ ಪಾಲಿನ ರೇಷನ್ ತರುತ್ತಿದ್ದಳು. ಒಂದು ದಿನ ಆಕೆ ಚೀಲ ಹೊತ್ತು ಬರುವಷ್ಟರಲ್ಲಿ ಹುಡುಗ ಹೋಗಿಬಿಟ್ಟಿದ್ದ. ತನ್ನ ಮನೆಯಲ್ಲಿ ಇನ್ನೊಮ್ಮೆ ಗಡಿಗೆಯ ತಳ ಕಾಣಿಸಬಾರದು ಎಂದು ಶಿವಬಸವ್ವ ಅಂದೇ ನಿಶ್ಚಯಿಸಿದಳು.

ಐವತ್ತರ ಸುಗ್ಗಿ ಚೆನ್ನಾಗಿ ಬಂತು. ಮನೆಯ ಮುಂದೆ ಮಾವನ ಕಾಲದ ಹಗೇವು ಇತ್ತು. ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಸಣ್ಣದು ಹೊಟ್ಟೆ ದೊಡ್ಡದಾದ ಕಾಳಿನ ಕುಣಿ ಅದು. ಸುತ್ತಲೂ ಹುಲ್ಲು ಹಾಸಿ, ಹದಿನೈದು ಚೀಲ ಬಿಳಿಜೋಳ ಸುರಿಸಿ, ಮೇಲೆ ಮತ್ತೆ ಹುಲ್ಲು ಒತ್ತಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿಸಿದಳು. ಸೋಮವಾರಕ್ಕೊಮ್ಮೆ ಆ ಜಾಗವನ್ನು ಸೆಗಣಿಯಿಂದ ಸಾರಿಸಿ, ಬಸವಣ್ಣನ ಹೆಸರು ಹೇಳಿ, ಒಳಗಿನ ಕಾಳು ಕೆಡದಿರಲಿ ಎಂದು ಕೈಮುಗಿಯುತ್ತಿದ್ದಳು.

ಹಗೇವಿಗೆ ಒಂದು ಕಟ್ಟುಪಾಡು ಉಂಟು. ಬೇಕೆಂದಾಗ ಮುಚ್ಚಳ ಸರಿಸಿ ಎರಡು ಸೇರು ತೆಗೆದುಕೊಳ್ಳಲು ಅದೇನು ಅಡುಗೆಮನೆಯ ಗಡಿಗೆಯಲ್ಲ. ಒಮ್ಮೆ ಬಾಯಿ ತೆಗೆದರೆ ಗಾಳಿ ಹೊಕ್ಕು ನುಸಿ ಬೀಳುತ್ತದೆ. ತೆಗೆದ ಮೇಲೆ ತಳ ಕಾಣುವ ತನಕ ಬರಿದು ಮಾಡಲೇಬೇಕು. ಮಳೆಗಾಲದಲ್ಲಂತೂ ಬುದ್ಧಿ ಇದ್ದವರು ಅದರ ತಂಟೆಗೆ ಹೋಗುವುದಿಲ್ಲ. ಶಿವಬಸವ್ವನಿಗೆ ಬುದ್ಧಿಗೆ ಕೊರತೆ ಇರಲಿಲ್ಲ.

ಐವತ್ತೆರಡರ ಶ್ರಾವಣದಲ್ಲಿ ತಾಯವ್ವ ಇಳಕಲ್ಲಿನಿಂದ ಮಗಳನ್ನು ಕರೆದುಕೊಂಡು ಬಂದಳು. ಗಂಡ ಮಲಕಪ್ಪ ನೇಕಾರ. ನೂಲು ಬಾರದೆ, ನೇಯ್ದ ಸೀರೆ ಹೋಗದೆ, ಮಗ್ಗ ನಿಂತು ಮೂರು ತಿಂಗಳಾಗಿತ್ತು. ಆರು ವರ್ಷದ ಬನಶಂಕರಿ ದೊಡ್ಡಮ್ಮ ಬಡಿಸಿದ ರೊಟ್ಟಿಯಲ್ಲಿ ಅರ್ಧ ತಿಂದು, ಉಳಿದರ್ಧವನ್ನು ಯಾರೂ ನೋಡಲಿಲ್ಲವೆಂದುಕೊಂಡು ಪರಕಾರದ ನೆರಿಗೆಯೊಳಗೆ ಇಟ್ಟುಕೊಂಡಿತು. ಅಪ್ಪನಿಗೆ. ಶಿವಬಸವ್ವ ಅದನ್ನು ನೋಡಿದಳು.

ಉಂಡಾದ ಮೇಲೆ ತಾಯವ್ವ ನೆಲ ನೋಡುತ್ತ ಹೇಳಿದಳು.

"ಅಕ್ಕಾ, ಒಂದು ಚೀಲ ಜ್ವಾಳ ಕೊಡು. ದೀಪಾವಳಿ ತನಕಾ ಹೆಂಗರ ಮಾಡಿ ಸಾಗಸ್ತೇವಿ. ಮಗ್ಗ ಸುರು ಆದಕೂಡ್ಲೆ ತಿರುಗಿ ಕೊಡ್ತೇವಿ."

"ತಿರುಗಿ ಕೊಡೂ ಮಾತು ಯಾಕ ತಗೀತಿ? ಆದ್ರ ಒಂದು ಚೀಲ ಎಲ್ಲಿಂದ ತರಲಿ? ಗಡಿಗ್ಯಾಗ ಇದ್ದದ್ದು ನಮಗ ಸುಗ್ಗಿ ತನಕಾ ಸಾಲೂದಿಲ್ಲ."

"ಹಗೇವಿನ್ಯಾಗ ಐತೆಲ್ಲ."

ಶಿವಬಸವ್ವನಿಗೆ ಯಾರೋ ಬಂದು ತೊಡೆಯ ಮೇಲಿನ ಕೂಸಿಗೆ ಕೈ ಹಾಕಿದಂತಾಯಿತು.

"ಶ್ರಾವಣದಾಗ ಯಾರರ ಹಗೇವು ತಗೀತಾರೇನ ತಾಯವ್ವಾ? ಒಂದು ಚೀಲದ ಸಲುವಾಗಿ ಹದಿನಾಕು ಚೀಲ ನುಸಿಗೆ ಹಾಕಲೇನು? ಓಣಿ ಮಂದಿ ಎಲ್ಲಾ ಬುಟ್ಟಿ ಹಿಡಕೊಂಡು ಬರ್ತಾರ. ಮಳಿ ಹೋಗಲಿ. ದಸರಾ ಆದಮ್ಯಾಲ ನಾನ ತಗಸ್ತೇನಿ. ಒಂದಲ್ಲ, ಎರಡು ಚೀಲ ಒಯ್ಯಿ."

"ಆಗಲಿ ಅಕ್ಕಾ," ಎಂದಳು ತಾಯವ್ವ.

ಬಾಗಿಲ ಬಳಿ ಕೂತಿದ್ದ ರಾಚಪ್ಪ ಮೆಲ್ಲಗೆ ಬಾಯಿ ಹಾಕಿದ. "ತಗಸೂಣಲ್ಲ. ಬರಗಾಲಕ್ಕಂತ ಇಟ್ಟೇವಿ. ಆಕಿಗೆ ಬರಗಾಲ ಬಂದೈತಿ."

"ನಾಳೆ ನಮಗ ಬಂದ್ರ ಯಾರ ಮನಿ ಬಾಗಲಾ ಕಾಯೂನ್ರಿ?"

ರಾಚಪ್ಪ ಬೀಡಿ ಹಿಡಿದು ಪಕ್ಕದ ಮನೆಯ ಒಲೆಯ ಕಡೆ ಎದ್ದು ಹೋದ.

ಶಿವಬಸವ್ವ ಗಡಿಗೆಯಿಂದ ನಾಲ್ಕು ಸೇರು ಜೋಳ ಅಳೆದು ಕೊಟ್ಟಳು. ಉಪ್ಪು, ಮೆಣಸಿನಕಾಯಿ, ಬೆಲ್ಲವನ್ನು ಮಾತ್ರ ಕೈ ಬಿಗಿಹಿಡಿಯದೆ ಕಟ್ಟಿದಳು. ಬಸ್ಸಿನ ತನಕ ಹೋಗಿ ಕಳಿಸಿ ಬಂದು, ತಾನು ತಪ್ಪೇನೂ ಮಾಡಿಲ್ಲ ಎಂದು ಗಂಡನಿಗೆ ಮೂರು ಸಲ ಹೇಳಿದಳು. ತಪ್ಪೋ ಸರಿಯೋ ಎಂದು ಆತ ಕೇಳಿರಲಿಲ್ಲ.

ದಸರೆಗೆ ಇನ್ನೂ ಎಂಟು ದಿನವಿತ್ತು. ಇಳಕಲ್ಲಿನಿಂದ ಸೀರೆಯ ಗಂಟು ಹೊತ್ತು ಸಂತೆಗೆ ಬರುತ್ತಿದ್ದ ಜಾಫರಸಾಬ ಅಂದು ಗಂಟನ್ನು ಕೆಳಗಿಳಿಸದೆ ಬಾಗಿಲಲ್ಲೇ ನಿಂತ.

"ನಿಮ್ಮ ತಂಗಿ ಮಗಳು ಹೋದ್ಲರಿ ಅವ್ವಾರ. ಕಾಳು ತೀರಿದ್ವು. ಹುಣಸಿಬೀಜ ಕುದಿಸಿ ತಿನ್ನೂದು ನಡೆದಿತ್ತು. ಕೂಸಿಗೆ ಅದು ಆಗಿಬರಲಿಲ್ಲ. ವಾಂತಿ ಭೇದಿ, ಮೂರ ದಿನ. ನಿನ್ನೆ ಮಣ್ಣು ಮಾಡಿದ್ರು."

ಶಿವಬಸವ್ವ ಇಳಕಲ್ಲಿಗೆ ಹೋದಳು. ತಾಯವ್ವ ಬಯ್ಯುತ್ತಾಳೆ, ಮೈಮೇಲೆ ಬೀಳುತ್ತಾಳೆ ಎಂದುಕೊಂಡು ಹೋಗಿದ್ದಳು. ಹಾಗಾಗಿದ್ದರೆ ಒಂದಿಷ್ಟು ಹಗುರವಾದರೂ ಆಗುತ್ತಿತ್ತು. ತಾಯವ್ವ ಎದ್ದು ಕಾಲಿಗೆ ನೀರು ಕೊಟ್ಟಳು. "ಊಟ ಮಾಡಿ ಬಂದಿಯೇನಕ್ಕಾ?" ಎಂದು ಕೇಳಿದಳು. ಕೇಳಿದ ಮೇಲೆ, ಒಲೆ ಹೊತ್ತಿಲ್ಲವೆಂಬುದು ನೆನಪಾಗಿ ಕೆಳಗೆ ಕೂತಳು. ಮಲಕಪ್ಪ ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟುಕೊಂಡು, ನೂಲಿಲ್ಲದ ಮಗ್ಗದ ಮುಂದೆ ಸುಮ್ಮನೆ ಕೂತಿದ್ದ.

ತಾಯವ್ವನೇ ಮಾತು ತೆಗೆದಳು. "ನೀ ಮನಸಿಗೆ ಹಚ್ಚಿಕೋಬ್ಯಾಡ. ತಗಸಿದ್ರರ ಏನಾಗ್ತಿತ್ತೋ. ಎರಡು ಮಳಿಗಾಲ ಕಳದ ಕಾಳು. ಒಳಗ ನೀರು ಹೊಕ್ಕು ಕೊಳತಿತ್ತೋ ಏನೋ, ಯಾರು ಕಂಡಾರ?"

ನೊಂದವಳು ನೋಯಿಸಿದವಳಿಗೆ ಹೇಳಿದ ಸಮಾಧಾನ ಅದು. ಶಿವಬಸವ್ವ ಆ ಒಂದು ಮಾತನ್ನು ಜೀವ ಹಿಡಿದಂತೆ ಹಿಡಿದುಕೊಂಡಳು. ಹೌದಲ್ಲ, ಕೊಳೆತಿರಬಹುದು. ಎಷ್ಟೋ ಜನರ ಹಗೇವಿಗೆ ನೀರಿಳಿದದ್ದನ್ನು ತಾನೇ ಕಂಡಿಲ್ಲವೇ. ಕೊಳೆತಿದ್ದರೆ ಕೊಡಲು ತನ್ನ ಹತ್ತಿರ ಏನೂ ಇರಲೇ ಇಲ್ಲ. ಇಲ್ಲದ್ದನ್ನು ಇಲ್ಲವೆಂದರೆ ಅದು ಯಾವ ಪಾಪ? ಬಸ್ಸು ಹುನಗುಂದ ದಾಟುವಷ್ಟರಲ್ಲಿ ಕಾಳು ಕೊಳೆತೇ ಇದೆ ಎಂದು ಆಕೆಗೆ ಅನ್ನಿಸತೊಡಗಿತ್ತು.

ಮನೆಗೆ ಬಂದವಳೇ, "ಹಗೇವು ತಗಸ್ರಿ," ಎಂದಳು. ರಾಚಪ್ಪ ಮುಖ ನೋಡಿದ. ಹೋಗಿ ದುರ್ಗಪ್ಪನನ್ನು ಕರೆತಂದ. ಊರಿನ ಹಗೇವುಗಳಿಗೆ ಇಳಿಯುವವನು ಆತನೇ.

ದುರ್ಗಪ್ಪ ಮಣ್ಣು ಒಡೆದು ಕಲ್ಲು ಸರಿಸಿದ. ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಾಯಿ ತೆರೆದೇ ಬಿಡಬೇಕು, ಇಲ್ಲದಿದ್ದರೆ ಇಳಿದವನು ಮೇಲೆ ಬರುವುದಿಲ್ಲ. ಆ ಇಡೀ ದಿನ ಶಿವಬಸವ್ವ ಅಲ್ಲಿಂದ ಕದಲಲಿಲ್ಲ. ಬಗ್ಗಿ ಬಗ್ಗಿ ವಾಸನೆ ನೋಡಿದಳು. ಕಾಳು ಕೆಡದಿರಲಿ ಎಂದು ಎರಡು ವರ್ಷ ಬೇಡಿಕೊಂಡ ಬಸವಣ್ಣನಿಗೇ, ಪೂರ್ತಿ ಕೆಟ್ಟಿರಲಿ ಎಂದು ಕೈಮುಗಿದಳು. ಬೇಡುತ್ತಿರುವುದು ಏನೆಂದು ಗೊತ್ತಾಗಿ ನಾಚಿಕೆಯಾಯಿತು. ಆದರೂ ಬೇಡಿದಳು.

ಮರುದಿನ ದುರ್ಗಪ್ಪ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ದೀಪ ಆರಲಿಲ್ಲ. ಇಳಿದು ಮೇಲಿನ ಹುಲ್ಲು ಕಿತ್ತು, ಒಂದು ಹಿಡಿ ಕಪ್ಪು ಹೆಂಟೆಯನ್ನು ಮೇಲಕ್ಕೆ ಚಾಚಿದ. ಮುಗ್ಗಿ ಗಂಟುಕಟ್ಟಿದ ಜೋಳ.

ಶಿವಬಸವ್ವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣಲ್ಲಿ ನೀರು ಬಂತು. ಸಾವಿನ ಸುದ್ದಿ ಕೇಳಿದಂದಿನಿಂದ ಮೊದಲ ಸಲ ಉಸಿರು ಸರಾಗವಾಗಿ ಬಂದಂತಾಯಿತು. "ನೋಡ್ರಿ," ಎಂದು ಗಂಡನಿಗೆ ತೋರಿಸಿದಳು, "ನೋಡ್ರಿ, ಹೆಂಗ ಆಗೇತಿ."

"ಅದು ಮ್ಯಾಲಿನ ಪದರಷ್ಟರಿ ಯವ್ವಾ," ಕೆಳಗಿನಿಂದ ದುರ್ಗಪ್ಪ ಕೂಗಿದ. "ಅದು ಎಲ್ಲಾ ಹಗೇವಿನ್ಯಾಗೂ ಇರೂದ. ಕೆಳಗ ಬಂಗಾರದಂಥಾ ಕಾಳು ಐತಿ. ಬುಟ್ಟಿ ಬಿಡ್ರಿ."

ಬುಟ್ಟಿ ಮೇಲೆ ಬಂತು. ಬೆಳ್ಳಗೆ, ದುಂಡಗೆ, ನಿನ್ನೆ ಕಣದಲ್ಲಿ ರಾಶಿ ಮಾಡಿದ ಹಾಗಿತ್ತು ಜೋಳ. ಆಕೆ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದಳು. ಕಟಕಟನೆ ಮುರಿದವು. ಸಿಹಿಯಾಗಿದ್ದವು. ಸುತ್ತ ನೆರೆದಿದ್ದ ಓಣಿಯವರು, ಕೂಡಿಟ್ಟರೆ ಶಿವಬಸವ್ವನ ಹಾಗೆ ಕೂಡಿಡಬೇಕು ಎಂದು ಹೊಗಳಿದರು. ಇಷ್ಟು ದಿನ ನಕ್ಕದ್ದಕ್ಕೆ ಅವರಿಗೆ ಖರೆಯಾಗಿಯೂ ಕೆಡುಕೆನಿಸಿತ್ತು.

ಎರಡನೆಯ ಬುಟ್ಟಿ ಬಂತು, ಮೂರನೆಯದು ಬಂತು. ರಾಚಪ್ಪ ಚೀಲದ ಬಾಯಿ ಹಿಡಿದು ನಿಂತಿದ್ದ. ಹೆಂಡತಿಯ ಕಡೆ ನೋಡುತ್ತಿರಲಿಲ್ಲ. ಶಿವಬಸವ್ವ ಹಗೇವಿನ ಬಾಯಿಯ ಬಳಿ ಮೊಣಕಾಲೂರಿ ಒಳಗೆ ಬಗ್ಗಿದಳು.

"ಇನ್ನಷ್ಟು ಕೆಳಗ ಕೆದರಿ ನೋಡೋ ದುರ್ಗಪ್ಪಾ. ತಳದಾಗರ ಕೆಟ್ಟಿರಬೇಕು, ಚಂದಂಗ ನೋಡು."

ದುರ್ಗಪ್ಪ ತೋಳು ಮುಳುಗುವಷ್ಟು ಕೈ ಹೊಗಿಸಿ, ಕೆದರಿ, ಮೇಲೆ ನೋಡಿ ನಕ್ಕ.

"ಚಿಂತಿ ಮಾಡಬ್ಯಾಡ್ರಿ ಯವ್ವಾ. ಒಂದು ಕಾಳೂ ಕೆಟ್ಟಿಲ್ಲ."