ಇಬ್ಬರ ಪಾಲು

"ಇನ್ನೂ ಆಚೆ ತೋಡ್ರಪ್ಪಾ, ಇನ್ನೂ ಆಚೆ" ಎಂದು ಕುಲದ ಹಿರಿಯ ಕೋಲು ಬೀಸಿದ. ಗುಂಡಿ ತೋಡುತ್ತಿದ್ದವರು ಗುದ್ದಲಿ ಎತ್ತಿಕೊಂಡು ಬೇಲಿಯಿಂದ ಮತ್ತೆರಡು ಮಾರು ದೂರ ಸರಿದರು.

"ಇದಕ್ಕಿಂತ ಆಚೆ ಹೋದ್ರೆ ನನ್ನ ಅಕ್ಕನ್ನ ಸರೋವರದಲ್ಲೇ ಹೂಳ್ಬೇಕಾಗುತ್ತೆ" ಎಂದ ಒಗಾಡ.

"ಗಂಡ ಬಿಟ್ಟವಳು, ಮಕ್ಕಳಿಲ್ಲದವಳು. ಅಪ್ಪನ ಅಂಗಳದೊಳಗೆ ಹೂಳಿದ್ರೆ ನಾಳೆ ನಿನ್ನ ಮೊಮ್ಮಕ್ಕಳಿಗೇ ಕೇಡು."

"ಮಕ್ಕಳಿಲ್ಲದವಳು ಹೇಗಾಗ್ತಾಳೆ? ನಾಲ್ಕು ಹೆತ್ತಿದ್ಲು."

"ಉಳಿದಿದ್ದೆಷ್ಟು?"

ಒಗಾಡ ಅಂಗಳದತ್ತ ತಿರುಗಿ ನಡೆದ.

ಅಂಗಳದ ಶಾಮಿಯಾನದ ಕೆಳಗೆ ರಿಸ್ಪಾ ಅಡೆರೋಳ ಶವಪೆಟ್ಟಿಗೆ ಇತ್ತು. ಮಿಷನ್ ಆಸ್ಪತ್ರೆಯ ಮಕ್ಕಳ ವಾರ್ಡನ್ನು ಮೂವತ್ತಾರು ವರ್ಷ ಗುಡಿಸಿ ಒರೆಸಿದವಳು ಅವಳು. ದೊಡ್ಡ ಸಾವೇನಲ್ಲ. ಆದರೂ ಒಗಾಡನ ಹೆಂಡತಿ ಪೆನಿನಾ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಜನ ಬಂದಿದ್ದರು. ಬಂದವರಲ್ಲಿ ಬಹುಪಾಲು ಹೆಂಗಸರು. ಪ್ರತಿ ಮಂಗಳವಾರ ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕೂರುತ್ತಿದ್ದ ತಾಯಂದಿರು. ಇನ್ನಷ್ಟು ಉಗಾಲಿ ಮುದ್ದೆ ತಿರುವಬೇಕಲ್ಲ ಎಂದು ಪೆನಿನಾ ಗೊಣಗುತ್ತಿರುವಾಗಲೇ ಬಾಡಿಗೆ ಪಿಕಪ್ಪೊಂದು ಬಂದು ನಿಂತಿತು.

"ಅಯ್ಯೋ, ಒಬುರಾ!" ಎಂದಳು ಪೆನಿನಾ. "ನಲವತ್ತೊಂದು ವರ್ಷದ ಹಿಂದೆ ಆಚೆಗಟ್ಟಿದ ಹೆಂಡತೀನ ನೋಡೋಕೆ ಈಗ ಪುರುಸೊತ್ತಾಯ್ತಾ?"

ಮುಂದಿನ ಸೀಟಿನಿಂದ ಒಬುರಾ ನಿಧಾನವಾಗಿ ಇಳಿದ. ಹಿಂದಿನಿಂದ ಅವನ ಎರಡನೆಯ ಹೆಂಡತಿ ಯೂನಿಯಾ, ಅವಳ ಮನೆಯ ನಾಲ್ಕಾರು ಹೆಂಗಸರು ಇಳಿದರು. ಎಲ್ಲರಿಗಿಂತ ಕೊನೆಗೆ ಇಳಿದವಳು ಕಿರಿಯ ಸೊಸೆ ಅಕೆಯೋ. ಅವಳ ಬೆನ್ನಿಗೆ ಕಟ್ಟಿದ್ದ ಮಗು ಸಣ್ಣಗೆ ನರಳುತ್ತಿತ್ತು.

* * *

ರಿಸ್ಪಾಳ ಮೊದಲ ಮಗ ಎರಡು ವರ್ಷಕ್ಕೆ ಮಲೇರಿಯಾಕ್ಕೆ ಬಲಿಯಾದ. ಸರೋವರದ ಆ ದಡದಲ್ಲಿ ಅದು ಯಾರಿಗೂ ಹೊಸದಲ್ಲ. ಊರು ಅತ್ತು ಸುಮ್ಮನಾಯಿತು. ಆಮೇಲಿನ ಮೂವರದು ಬೇರೆ ಥರ. ಅಂಗೈ ಅಂಗಾಲು ಊದಿಕೊಳ್ಳುತ್ತಿದ್ದವು, ಕಣ್ಣು ಹಳದಿಯಾಗುತ್ತಿತ್ತು, ಮುಟ್ಟಿದರೆ ಮೂಳೆಯೊಳಗಿಂದ ಚೀರುತ್ತಿದ್ದವು. ಯಾವುದಕ್ಕೂ ನಾಲ್ಕು ವರ್ಷ ತುಂಬಲಿಲ್ಲ. ಕೊನೆಯವಳು ಅಪೊಂಡಿ. ಅವಳನ್ನು ಹೂತ ಮೂರನೆಯ ದಿನ ಒಬುರಾ ರಿಸ್ಪಾಳ ಬಟ್ಟೆಗಂಟನ್ನು ಬಾಗಿಲಾಚೆ ಇಟ್ಟ. ನೆರೆಹೊರೆಯವರೆಲ್ಲ ನೋಡುತ್ತಿದ್ದರು.

"ನಿನಗೆ ಚಿರಾ ತಗಲಿದೆ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. "ಯಾವ ಕಟ್ಟಳೆ ಮುರಿದು ಈ ಶಾಪ ತಂದ್ಯೋ ನಿಂಗೇ ಗೊತ್ತು. ನನ್ನ ಬೀಜ ಚೆನ್ನಾಗೇ ಇದೆ. ನಿನ್ನ ಹೊಟ್ಟೆನೇ ಗೋರಿ."

ವಧುದಕ್ಷಿಣೆಯಾಗಿ ಕೊಟ್ಟಿದ್ದ ಹಸುಗಳು ಒಬುರಾನಿಗೆ ವಾಪಸಾದವು. ಮರುವರ್ಷ ಯೂನಿಯಾ ಬಂದಳು, ಆರು ಹೆತ್ತಳು, ಆರೂ ಉಳಿದವು. ತಪ್ಪು ಯಾರದೆಂದು ಊರಿಗೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ. ರಿಸ್ಪಾಳಿಗೂ ಬೇಕಿರಲಿಲ್ಲ. ಅವಳೂ ಹಾಗೆಂದೇ ನಂಬಿದ್ದಳು.

* * *

"ಭಾವ, ಯಾಕೆ ಬಂದೆ?" ಒಗಾಡ ನೇರವಾಗಿ ಕೇಳಿದ.

"ಮೂರು ಹಿಡಿ ಮಣ್ಣು ಹಾಕಿ ಹೋಗ್ತೀನಿ." ಒಬುರಾ ತನ್ನ ಸೊಸೆಯ ಬೆನ್ನಿನತ್ತ ಕಣ್ಣು ಹಾಯಿಸಿದ. "ಮೊಮ್ಮಗನ ಕೈಕಾಲು ಊದ್ತಿದೆ. ರಿಸ್ಪಾಳ ಸಿಟ್ಟು ಅಂತ ಕಣಿ ಹೇಳೋವ್ನು ಹೇಳ್ದ. ಮಣ್ಣು ಹಾಕಿದ್ರೆ ಬಿಟ್ಟು ಹೋಗುತ್ತಂತೆ."

ಒಗಾಡ ನಕ್ಕ. ಪೆನಿನಾ ಹೆದರುವಂತೆ ನಕ್ಕ.

"ಹಾಕು. ಆದ್ರೆ ಮೊದಲು ಮೈಕಿನಲ್ಲಿ ಹೇಳು. ಅವತ್ತು ಊರ ಮುಂದೆ ಹೇಳಿದ್ಯಲ್ಲ, ಇವತ್ತೂ ಊರ ಮುಂದೆ ಹೇಳು. ನನ್ನದೂ ಪಾಲಿತ್ತು ಅಂತ."

* * *

ಪಾಲಿನ ಮಾತನ್ನು ರಿಸ್ಪಾಳಿಗೆ ಹೇಳಿಕೊಟ್ಟವನು ಆಸ್ಪತ್ರೆಯ ಪ್ರಯೋಗಾಲಯದ ಬರಾಸಾ. ಅವಳು ಕೆಲಸಕ್ಕೆ ಸೇರಿ ಏಳು ವರ್ಷವಾಗಿತ್ತು. ವಾರ್ಡಿನ ಒಂದು ಮಗುವಿನ ಊದಿದ ಅಂಗೈ ಕಂಡು ಕೈಲಿದ್ದ ಬಕೆಟ್ಟು ಬೀಳಿಸಿದ ದಿನ ಅವನು ಅವಳ ಕಥೆಯೆಲ್ಲ ಕೇಳಿ, ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದ.

"ರಕ್ತ ಹೇಗಿರಬೇಕು ಅನ್ನೋದಕ್ಕೆ ಪ್ರತಿ ಮಗೂಗೂ ಎರಡು ಪಾಲು ಬರುತ್ತೆ ರಿಸ್ಪಾ. ತಾಯಿಂದೊಂದು, ತಂದೆಯಿಂದೊಂದು. ನಿನ್ನ ಎರಡರಲ್ಲಿ ಒಂದು ಚೆನ್ನಾಗಿದೆ, ಇನ್ನೊಂದು ಕುಡುಗೋಲಿನದು. ಒಂದೇ ಇದ್ರೆ ಏನೂ ಆಗಲ್ಲ. ಮಗೂಗೆ ಎರಡೂ ಕಡೆಯಿಂದ ಅದೇ ಬಂದ್ರೆ ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ, ನಾಳದಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ."

"ಹಾಗಾದ್ರೆ ಒಬುರಾಗೂ...?"

"ಇರಲೇಬೇಕು. ನಿನ್ನೊಬ್ಬಳಿಂದ ಆಗೋ ರೋಗ ಅಲ್ಲ ಇದು. ನಾಲ್ಕರಲ್ಲೊಂದು ಮಗೂಗೆ ಬರೋದು ವಾಡಿಕೆ. ನಿನಗೆ ಮೂರು ಬಂತು. ಯೂನಿಯಾಳ ಎರಡೂ ಪಾಲು ಚೆನ್ನಾಗಿರಬೇಕು, ಅದಕ್ಕೆ ಅವಳ ಮಕ್ಕಳು ಉಳಿದ್ವು. ಆದ್ರೆ ಒಬುರಾನ ಕುಡುಗೋಲು ಅವರಲ್ಲಿ ಕೆಲವರೊಳಗೆ ಸುಮ್ನೆ ಕೂತಿರುತ್ತೆ."

"ಇಂಥ ಕೆಟ್ಟದ್ದು ನಮ್ಮ ದಡದಲ್ಲೇ ಯಾಕಿಷ್ಟು?"

"ಸೊಳ್ಳೆಯಿಂದ. ಒಂದು ಪಾಲು ಇರೋ ಮಗೂನ ಮಲೇರಿಯಾ ಸುಲಭವಾಗಿ ಕೊಲ್ಲಲ್ಲ. ಸಾವಿರಾರು ವರ್ಷದಿಂದ ಇಲ್ಲಿ ಅಂಥವರೇ ಹೆಚ್ಚು ಬದುಕಿ, ಹೆಚ್ಚು ಮಕ್ಕಳನ್ನ ಹೆತ್ತರು. ನೀನು ಉಳಿದಿದ್ದೂ ಅದರಿಂದಲೇ ಇರಬಹುದು."

ರಿಸ್ಪಾ ಚುಚ್ಚಿದ ಬೆರಳನ್ನು ಒತ್ತಿ ಹಿಡಿದಳು.

"ಮೊದಲನೆಯವನು ಊದಲಿಲ್ಲ. ಬರೀ ಜ್ವರ ಬಂದು ಹೋದ" ಎಂದಳು.

"ಅವನಿಗೆ ಎರಡೂ ಒಳ್ಳೇವೇ ಸಿಕ್ಕಿದ್ವೇನೋ, ಮಲೇರಿಯಾ ತಡೆಯೋಕೆ ಏನೂ ಇರಲಿಲ್ಲ" ಎಂದುಬಿಟ್ಟ ಬರಾಸಾ. ಹೇಳಬಾರದಿತ್ತು ಅನ್ನಿಸಿ ಮುಖ ತಿರುಗಿಸಿದ.

ಆ ಭಾನುವಾರ ಅವಳು ಹನ್ನೊಂದು ಮೈಲಿ ನಡೆದು ಒಬುರಾನ ಮನೆಗೆ ಹೋದಳು. ಅವನು ಬೇಲಿಯ ಬಾಗಿಲು ತೆಗೆಯಲಿಲ್ಲ. "ನಿನ್ನ ರೋಗಕ್ಕೆ ನನ್ನನ್ನ ಪಾಲುದಾರ ಮಾಡೋಕೆ ಬಂದ್ಯಾ?" ಎಂದ. ಅವನ ಹಿಂದೆ ಯೂನಿಯಾಳ ಮಕ್ಕಳು ಆಡುತ್ತಿದ್ದವು. ರಿಸ್ಪಾ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಕುಡುಗೋಲು ಯಾರೊಳಗಿರಬಹುದು ಎಂದುಕೊಳ್ಳುತ್ತ ವಾಪಸು ನಡೆದಳು.

* * *

ಒಬುರಾ ಮೈಕು ಹಿಡಿದ.

"ರಿಸ್ಪಾ ಒಳ್ಳೇ ಕೆಲಸಗಾರ್ತಿ" ಎಂದ. "ಮೀನು ಚೆನ್ನಾಗಿ ಮಾಡ್ತಿದ್ಲು." ಮತ್ತೇನೂ ಹೇಳದೆ ಮೈಕನ್ನು ಪಾದ್ರಿಗೆ ಕೊಟ್ಟುಬಿಟ್ಟ.

"ಇಷ್ಟೇನಾ?" ಒಗಾಡ ಎದ್ದು ನಿಂತ. "ಇಷ್ಟೇನಾ ಭಾವ?"

ಆಗ ಅಕೆಯೋ ಮುಂದೆ ಬಂದಳು. ಮೈಕು ಕೇಳಲಿಲ್ಲ. "ನಾನು ಹೇಳ್ತೀನಿ" ಎಂದಳು. "ಎಂಟು ತಿಂಗಳ ಹಿಂದೆ ಇವನನ್ನ ಆಸ್ಪತ್ರೆಗೆ ಕರಕೊಂಡು ಹೋದೆ. ಚೀಟೀಲಿ ಮನೆತನದ ಹೆಸರು ಓದಿ ರಿಸ್ಪಾ ಅಮ್ಮ ಗೋಡೆ ಹಿಡ್ಕೊಂಡ್ರು. ಆಮೇಲೆ ಇವನನ್ನ ಮಡಿಲಲ್ಲಿ ಹಾಕ್ಕೊಂಡು ಚಮಚದಲ್ಲಿ ನೀರು ಕುಡಿಸಿದ್ರು. ನನ್ನನ್ನೂ ಗಂಡನನ್ನೂ ಪರೀಕ್ಷೆಗೆ ಕಳಿಸಿದ್ದೂ ಅವರೇ. ಇಬ್ಬರಲ್ಲೂ ಒಂದೊಂದು ಪಾಲಿದೆ. ನನ್ನ ಗಂಡನಿಗೆ ಅದು ಬಂದಿದ್ದು ಮಾವನಿಂದ."

"ಸಾಕು ಬಾಯ್ಮುಚ್ಚೇ!" ಯೂನಿಯಾ ಕೂತಲ್ಲಿಂದಲೇ ಗದರಿದಳು. "ನಾನು ಆರು ಹೆತ್ತಿದ್ದೀನಿ, ಆರೂ ಕಲ್ಲಿನ ಹಾಗಿದ್ದಾರೆ. ನಮ್ಮ ಮನೇಲಿ ಈ ಊತ ಶುರುವಾಗಿದ್ದು ನೀನು ಕಾಲಿಟ್ಟ ಮೇಲೆ."

"ನನಗಿಂತ ಮುಂಚೆ ಮೂವರು ಇದೇ ಊತದಿಂದ ಸತ್ತಿದ್ದಾರಲ್ಲ ಅತ್ತೆ, ಇದೇ ಮಾವನ ಮಕ್ಕಳು!"

"ಅದು ಅವಳ ಹೊಟ್ಟೆ. ಇದು ನಿನ್ನ ಹೊಟ್ಟೆ."

ಕುಲದ ಹಿರಿಯರಲ್ಲಿ ಇಬ್ಬರು ತಲೆದೂಗಿದರು. ಅಕೆಯೋ ಮಾವನ ಮುಖ ನೋಡಿದಳು. ಒಬುರಾನ ತುಟಿ ಅಲುಗಿತು. ಮಂಗಳವಾರದ ತಾಯಂದಿರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಜೇಬಿನಿಂದ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ.

ಪೆಟ್ಟಿಗೆ ಇಳಿಸುವಾಗ, ಬಿಕ್ಕುತ್ತಿದ್ದ ಪೆನಿನಾಳನ್ನು ಎಲ್ಲರೂ ಸಮಾಧಾನಪಡಿಸುತ್ತಿದ್ದಾಗ, ಒಬುರಾ ಬಗ್ಗಿ ಬೇಗಬೇಗನೆ ಮೂರು ಹಿಡಿ ಮಣ್ಣು ಹಾಕಿದ. ಒಗಾಡ ಅದನ್ನು ಕಂಡ. ಹೋಗಿ ತಡೆಯುವಷ್ಟು ಕಸುವು ಅವನಲ್ಲಿ ಉಳಿದಿರಲಿಲ್ಲ.

ಊಟಕ್ಕೂ ನಿಲ್ಲದೆ ಪಿಕಪ್ಪು ಹೊರಡಲು ಅಣಿಯಾಯಿತು. ಯೂನಿಯಾ ಮತ್ತು ಮನೆಯ ಹೆಂಗಸರು ಹಿಂದೆ ಹತ್ತಿ ಕಾಲು ಚಾಚಿ ಕೂತರು. ಅಕೆಯೋ ಹಲಗೆ ಹಿಡಿದು ಒಂದು ಕಾಲು ಮೇಲಿಟ್ಟಳು. ಯಾರೂ ಕಾಲು ಮಡಿಸಲಿಲ್ಲ. ಒಬುರಾ ಮುಂದಿನ ಗಾಜಿನಾಚೆ ನೆಟ್ಟಗೆ ನೋಡುತ್ತ ಚಾಲಕನಿಗೆ ಹೊರಡಲು ಕೈಸನ್ನೆ ಮಾಡಿದ. ಅಕೆಯೋ ಕಾಲು ಕೆಳಗಿಟ್ಟಳು; ಪಿಕಪ್ಪು ಅವಳನ್ನು ಬಿಟ್ಟು ಹೊರಟಿತು.

ಧೂಳು ಇಳಿದ ಮೇಲೆ ಅವಳು ಬೆನ್ನ ಮೇಲಿನ ಬಟ್ಟೆಯನ್ನು ಸಡಿಲಿಸಿ ಬಿಗಿದು ಕಟ್ಟಿಕೊಂಡಳು. ಪಿಕಪ್ಪು ಹೋದ ದಿಕ್ಕಿಗೆ ಬೆನ್ನು ಹಾಕಿ ಆಸ್ಪತ್ರೆಯ ದಾರಿ ಹಿಡಿದಳು. ಬಟ್ಟೆಯ ಎರಡೂ ಬದಿಯಿಂದ ಮಗುವಿನ ಊದಿದ ಪುಟ್ಟ ಪಾದಗಳು ಹೊರಚಾಚಿದ್ದವು. ಎಲ್ಲಿಯೂ ತಾಗದಿರಲೆಂದು ಅವಳು ಒಂದೊಂದನ್ನೂ ಒಂದೊಂದು ಅಂಗೈಯಲ್ಲಿ ಹಿಡಿದುಕೊಂಡೇ ನಡೆಯುತ್ತಿದ್ದಳು.